ಗುರುವಾರದ ಮೇಜನ್ನು ಎಬ್ಬಿಸಿ ಕುಳಿತ ಹೆಣಿಗೆ ಯಂತ್ರಕ್ಕೆ

ಮಾನ್ಯ ಹೆಣಿಗೆ ಯಂತ್ರದವರೇ,

ತಮ್ಮ ತಲೆ ಎಲ್ಲಿದೆ ಎಂದು ನನಗೆ ತಿಳಿಯದ ಕಾರಣ ತಮ್ಮ ಇಡೀ ಕಾಯಕ್ಕೆ ಒಟ್ಟಾಗಿ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಾನು ಚೆನ್ನಾಗಿ ಬಲ್ಲೆ, ಏಕೆಂದರೆ ತಮ್ಮ ಮೇಲೆ ಧೂಳು ಕೂರಬಾರದೆಂದು ಉಲ್ಲನ್ ಅಂಗಡಿಯ ಕಿಟಕಿಗಳನ್ನು ಮುಚ್ಚಿಸಲಾಗಿದೆ, ತಮಗೆ ಬೆಳಕು ಸಾಲದೆಂದು ಹೊಸ ದೀಪ ಹಾಕಿಸಲಾಗಿದೆ, ತಮಗೆ ಹಾಕುವ ಎಣ್ಣೆಯ ಪುಟ್ಟ ಡಬ್ಬಿಗೆ ನಾವು ಚಹಾ ಲೋಟ ಇಡುತ್ತಿದ್ದ ಗೂಡನ್ನೇ ಬಿಟ್ಟುಕೊಡಲಾಗಿದೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ.

ಮೊದಲು ನನ್ನ ಪರಿಚಯ. ನೀರು ಸರಬರಾಜು ಕಚೇರಿಯಲ್ಲಿ ಸಾರ್ವಜನಿಕರ ದೂರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸವಾಗಿತ್ತು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದವರಿಗೆ ಪರಿಶೀಲಿಸಲಾಗುತ್ತಿದೆ ಎಂದೂ, ನೀರಿನ ಬದಲು ಕೆಸರು ಬರುತ್ತಿದೆ ಎಂದವರಿಗೆ ತಮ್ಮ ತಾಳ್ಮೆಗೆ ಧನ್ಯವಾದಗಳು ಎಂದೂ ಬರೆದು ಬರೆದು ನಿವೃತ್ತಳಾದವಳು ನಾನು. ಹಾಗಾಗಿ ದೂರು ಕೊಡುವವರ ಸಾಲಿನಲ್ಲಿ ನಿಂತಿರುವುದು ಇದೇ ಮೊದಲು. ಏನಾದರೂ ಹೆಚ್ಚುಕಡಿಮೆಯಾದರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೊಟ್ಟೆ ಎಂಥದ್ದೆಂಬುದನ್ನು, ದಿನಕ್ಕೆಷ್ಟು ಉಲ್ಲನ್ ನುಂಗುತ್ತೀರೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ತಾವೀಗ ವಿರಾಜಮಾನರಾಗಿರುವ ಜಾಗದಲ್ಲಿ ಮೊದಲು ಒಂದು ದುಂಡುಮೇಜು ಇತ್ತು. ಪ್ರತಿ ಗುರುವಾರ ಸಂಜೆ ನಾವು ನಾಲ್ಕೈದು ಜನ ಅದರ ಸುತ್ತ ಕೂತು ಸ್ವೆಟರು, ಶಾಲು, ಟೊಪ್ಪಿ, ಯಾರಿಗೂ ಬೇಡವಾದ ಕ್ರೋಶಾ ಮೇಜುಬಟ್ಟೆ ಎಲ್ಲವನ್ನೂ ಹೆಣೆಯುತ್ತಿದ್ದೆವು. ನನಗಿಂತ ಎಷ್ಟೋ ಚಿಕ್ಕವಳಾದರೂ ನಾವೆಲ್ಲ ಅಂಗಡಿಯಕ್ಕ ಎಂದು ಕರೆಯುವ ಒಡತಿಗೆ ಒಂದು ಶಾಲೆಯವರು ಮಕ್ಕಳಿಗೆಲ್ಲ ಒಂದೇ ತರಹದ ಸ್ವೆಟರ್ ಬೇಕೆಂದು ಹೇಳಿದ್ದೇ ತಡ, ತಾವು ಪ್ಲಾಸ್ಟಿಕ್ ಹೊದ್ದುಕೊಂಡು ಹೊಸ ಮದುಮಗಳ ಹಾಗೆ ಒಳಗೆ ಬಂದಿರಿ, ಮೇಜು ಮಗುಚಿಕೊಂಡು ಹಿಂದಿನ ಗೋದಾಮಿಗೆ ಹೋಯಿತು. ಅಂಗಡಿಯಕ್ಕ ನಮ್ಮ ಮುಖ ನೋಡಲಾರದೆ, "ನೀವು ಬರ್ಬೇಡಿ ಅಂತ ನಾನೇನೂ ಹೇಳ್ತಿಲ್ಲಪ್ಪ, ಬನ್ನಿ, ನಿಂತ್ಕೊಂಡು ಮಾತಾಡ್ಕೊಂಡು ಹೋಗಿ" ಎಂದಳು. ನಿಂತುಕೊಂಡು ಹೆಣೆಯುವುದು ಹೇಗೆಂದು ಆಕೆ ಹೇಳಲಿಲ್ಲ, ಮಂಡಿನೋವಿನ ನಾವೂ ಕೇಳಲಿಲ್ಲ.

ತಮ್ಮ ಗುಣಗಾನ ಮಾಡದೆ ಮುಂದೆ ಹೋದರೆ ನನ್ನ ಕಚೇರಿಯ ಸಂಸ್ಕಾರಕ್ಕೆ ಅವಮಾನ. ತಾವು ಒಂದು ತುದಿಯಿಂದ ಇನ್ನೊಂದು ತುದಿಗೆ ಸರ್ರನೆ ಹೋಗಿ ಬರುವುದರೊಳಗೆ ಒಂದು ಸಾಲು ಮುಗಿದಿರುತ್ತದೆ. ನಾವು ಅಷ್ಟು ಹೊತ್ತಿನಲ್ಲಿ ಕನ್ನಡಕ ಹುಡುಕಿರುತ್ತೇವೆ, ಅಷ್ಟೇ. ತಮ್ಮ ಒಂದು ಕುಣಿಕೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ದೊಡ್ಡದಿರುವುದಿಲ್ಲ. ತಾವು ಕಡ್ಡಿಯಿಂದ ಬೆನ್ನು ತುರಿಸಿಕೊಳ್ಳುವುದಿಲ್ಲ, ಸೀದಾ ಹಾಕಬೇಕಾದಲ್ಲಿ ಉಲ್ಟಾ ಹಾಕುವುದಿಲ್ಲ, ಲೆಕ್ಕ ತಪ್ಪಿದ್ದು ಮಾತಾಡಿಸಿದವರಿಂದ ಎಂದು ಪಕ್ಕದವರ ಮೇಲೆ ಹರಿಹಾಯುವುದಿಲ್ಲ. ಇಂಥ ಸದ್ಗುಣಿಯ ಪಕ್ಕದಲ್ಲಿ ಒಂದು ಗಂಟೆ ನಿಂತವರಿಗೆ ಮನೆಗೆ ಹೋಗಿ ಮಲಗೋಣ ಎನ್ನಿಸುವುದು ಸಹಜ.

ಆದರೆ ನಮ್ಮ ಮೇಜಿಗೆ ಒಂದು ಪದ್ಧತಿಯಿತ್ತು. ತಮ್ಮ ಕೈಪಿಡಿಯಲ್ಲಿ ಅದು ಇರಲಾರದು, ಆದ್ದರಿಂದ ವಿವರಿಸುತ್ತೇನೆ. ಹೆಣೆಯುತ್ತಿದ್ದವರು ಫೋನಿಗೋ ಚಹಾಕ್ಕೋ ಎದ್ದು ಹೋದರೆ ಅವರ ಕಡ್ಡಿಗಳು ಸುಮ್ಮನೆ ಬಿದ್ದಿರಬಾರದು. ಪಕ್ಕದವರು ಎತ್ತಿಕೊಂಡು ಒಂದು ಸಾಲು ಹೆಣೆದು ಇದ್ದ ಹಾಗೆ ಇಡಬೇಕು. ಅದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಮಾಡಿದವರು ಹೇಳಿಕೊಳ್ಳುವುದಿಲ್ಲ, ಥ್ಯಾಂಕ್ಸ್ ಅಂತೂ ಇಲ್ಲವೇ ಇಲ್ಲ. ಇದರಿಂದ ನಮ್ಮಲ್ಲಿ ಯಾರ ಸ್ವೆಟರೂ ಪೂರ್ತಿ ಅವರದಲ್ಲ. ನರ್ಸಮ್ಮ ಬ್ಯಾಂಡೇಜು ಕಟ್ಟುವ ಬಿಗಿಗೈಯಲ್ಲೇ ಹೆಣೆಯುವುದರಿಂದ ಅವರ ಸಾಲು ಬಂದಲ್ಲೆಲ್ಲ ಸ್ವೆಟರಿಗೆ ಸೊಂಟ ಹುಟ್ಟುತ್ತದೆ. ಬಸ್ಸು ಓಡಿಸಿ ಬಂದು ಕೂರುವ ಡ್ರೈವರಣ್ಣನದು ಧಾರಾಳದ ಕೈ. ಅವರ ಸಾಲಿನಲ್ಲಿ ಬೆರಳು ತೂರಿಸಿ ಗಾಳಿ ಎಷ್ಟಿದೆ ನೋಡಬಹುದು. ಹೀಗೆ ಮುಗಿದ ಸ್ವೆಟರನ್ನು ತೊಟ್ಟವರು ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ತಗ್ಗಿ ಕಾಣುತ್ತಾರೆ, ಮತ್ತು ನಮ್ಮ ಬೀದಿಯಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ನನ್ನ ದೂರಿನ ಹೂರಣಕ್ಕೆ ಬರುತ್ತೇನೆ. ಆ ಮೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಒಂದೇ ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಇಷ್ಟೇ: ಮನೆಗೆ ನೆಂಟರು ಬಂದಿದ್ದಾಗ ಮಾವನವರು ನಾನು ಹೆಣೆದ ಸ್ವೆಟರ್ ತೊಟ್ಟು ಹೊರಗೆ ಬಂದರು, ಅವಳು ಎಲ್ಲರ ಮುಂದೆ, "ಇದ್ರೊಳಗೆ ಇನ್ನೂ ಒಬ್ರು ಮಾವ ಹಿಡೀತಾರೆ" ಎಂದುಬಿಟ್ಟಳು. ನೆಂಟರು ನಕ್ಕರು, ಮಾವನವರೂ ಸ್ವೆಟರಿನ ಒಳಗೆಲ್ಲಿಂದಲೋ ನಕ್ಕರು. ಅವಳು ಹೆಣೆದ ಟೊಪ್ಪಿ ತಲೆಗಿಂತ ಚಹಾದ ಕೆಟಲಿಗೇ ಚೆನ್ನಾಗಿ ಒಪ್ಪುತ್ತದೆ ಎಂದು ನಾನೂ ಬಿಡದೆ ಹೇಳಿದೆ. ಅಂದಿನಿಂದ ನಾನು ಅವಳಿಗೆ "ಕೆಳಗಿನವರು", ಅವಳು ನನಗೆ "ಮೇಲಿನವಳು". ನೀರಿನ ಟ್ಯಾಂಕು, ಗೇಟಿನ ಬೀಗ ಮುಂತಾದ ವಿಷಯಗಳನ್ನು ಗಂಡಂದಿರ ಬಾಯಲ್ಲಿ ಹೇಳಿ ಕಳಿಸುತ್ತಿದ್ದೆವು, ಅವರು ಅರ್ಧ ದಾರಿಯಲ್ಲೇ ಮರೆತು ಕ್ರಿಕೆಟ್ ನೋಡಲು ಕೂರುತ್ತಿದ್ದರು.

ಗುರುವಾರವನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ, ಅಂಗಡಿಯಕ್ಕ ಬೇಕೆಂದೇ ನಮ್ಮನ್ನು ಅಕ್ಕಪಕ್ಕ ಕೂರಿಸಿದಳು. ಮಾತಿಲ್ಲ, ಆದರೆ ಪದ್ಧತಿ ಪದ್ಧತಿಯೇ. ನಾನೆದ್ದಾಗ ಅವಳು ನನ್ನ ಸಾಲು ಹೆಣೆದಳು, ಅವಳೆದ್ದಾಗ ನಾನು ಅವಳದು ಹೆಣೆದೆ. ಒಮ್ಮೆ ಅವಳ ಶಾಲಿನಲ್ಲಿ ಬಹಳ ಕೆಳಗೆ ಒಂದು ಕುಣಿಕೆ ಜಾರಿದ್ದು ಕಂಡು, ಕ್ರೋಶಾ ಕಡ್ಡಿಯಿಂದ ಅದನ್ನು ಒಂದೊಂದೇ ಸಾಲು ಹತ್ತಿಸಿ ಮೇಲೆ ತಂದೆ. ಅವಳು ಬಂದು ನೋಡಿದಳು, ಕಡ್ಡಿ ಎತ್ತಿಕೊಂಡು ಮುಂದಿನ ಸಾಲು ಶುರುಮಾಡಿದಳು. ಮುಂದಿನ ವಾರ ನಾನು ಚಹಾ ಕುಡಿದು ಬರುವುದರೊಳಗೆ ಸಿಕ್ಕುಸಿಕ್ಕಾಗಿದ್ದ ನನ್ನ ಉಲ್ಲನ್ ಬಿಡಿಸಿ, ಅಂದವಾಗಿ ಉಂಡೆ ಸುತ್ತಿ ಇಟ್ಟಿದ್ದಳು. ನನಗೆ ಬಾಯಾರಿಕೆ ಇಲ್ಲದಿದ್ದರೂ ಆಮೇಲೆ ಚಹಾಕ್ಕೆ ಏಳುವುದು ಜಾಸ್ತಿಯಾಯಿತು.

ತಾವು ಬರುವ ಸ್ವಲ್ಪ ಮುಂಚೆ ಮಾತ್ರ ಅವಳು ಕೀಟಲೆ ಶುರುಮಾಡಿದ್ದಳು. ನಾನು ನನಗೇ ಎಂದು, ಮುಂದೆ ಗುಂಡಿ ಹಾಕುವ ಬೂದು ಸ್ವೆಟರೊಂದನ್ನು ಹೆಣೆಯುತ್ತಿದ್ದೆ. ಎದೆಯ ಎಡಗಡೆಯ ಭಾಗ ಮುಗಿದಿತ್ತು, ಬಲಗಡೆಯದು ನಡೆದಿತ್ತು. ಎದ್ದು ಹೋಗಿ ಬಂದಾಗಲೆಲ್ಲ ಅವಳು ಹೆಣೆದ ಸಾಲಿನ ತುದಿಯಲ್ಲಿ ಒಂದು ಕೆಂಪು ದಾರದ ಗಂಟು! ನನ್ನ ಕೆಲಸಕ್ಕೆ ಮೂಗುತಿ ತೊಡಿಸುತ್ತಾಳೆಯೇ ಎಂದು ಉರಿದುಹೋಗಿ, ಅವಳು ನೋಡುವ ಹಾಗೆಯೇ ಅದನ್ನು ಕಿತ್ತು ಎಸೆದೆ. ಮುಂದಿನ ವಾರ ಮತ್ತೆ ಅದೇ ಗಂಟು, ಈ ಸಲ ಇನ್ನೂ ದಪ್ಪ. ಮತ್ತೆ ಕಿತ್ತೆ. ಅಷ್ಟರಲ್ಲಿ ತಾವು ದಯಮಾಡಿಸಿದಿರಿ, ಉಳಿದದ್ದನ್ನು ಮನೆಯಲ್ಲಿ ಒಬ್ಬಳೇ ಹೆಣೆದು ಮುಗಿಸಿ, ಜೋಡಿಸುವ ಮನಸ್ಸಾಗದೆ ಕಪಾಟಿನಲ್ಲಿ ತುರುಕಿದೆ.

ನನ್ನ ಹೊಟ್ಟೆ ಉರಿದದ್ದು ಒಂದು ಮರದ ಮೇಜಿಗಾಗಿ ಎಂದು ತಾವು ಭಾವಿಸಬಾರದು. ಮೇಜಿಲ್ಲದೆ ಗುರುವಾರವಿಲ್ಲ, ಗುರುವಾರವಿಲ್ಲದೆ ನಾನು ಚಹಾಕ್ಕೆ ಏಳುವುದೂ ಇಲ್ಲ, ಅವಳು ನನ್ನ ಕಡ್ಡಿ ಮುಟ್ಟುವುದೂ ಇಲ್ಲ. ನಮ್ಮಿಬ್ಬರ ನಡುವೆ ಉಳಿದಿದ್ದ ಒಂದೇ ಒಂದು ಕೊಡುಕೊಳ್ಳುವಿಕೆಯನ್ನು ತಾವು ಬಂದು ನಿಲ್ಲಿಸಿದಿರಿ. ಅವಳು ಮೆಟ್ಟಿಲಿಳಿಯುವ ಸದ್ದಿಗೆ ಎದ್ದು ಬಾಗಿಲ ಹಿಂದೆ ಹೋಗಿ ನಿಲ್ಲುವುದು, ಅವಳು ಗೇಟು ದಾಟಿದ ಮೇಲೆ ಏನೋ ಕೆಲಸವಿದ್ದವಳ ಹಾಗೆ ಹೊರಗೆ ಬಂದು ಪೊರಕೆ ಹಿಡಿಯುವುದು, ಇದೇ ನನ್ನ ದಿನಚರಿಯಾಯಿತು. ಅವಳ ನೆನಪಾಗಿ ಅಳು ಬರುತ್ತಿತ್ತು. ಮೇಲಿನ ಮಹಡಿಯಲ್ಲಿ ಇರುವವಳ ನೆನಪಾಗಿ ಅಳುವುದು ಎಂಥ ನಾಚಿಕೆಗೇಡು ಎಂದು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ತಮಗೆ ಕಿವಿಯಿಲ್ಲವೆಂಬ ಧೈರ್ಯದಿಂದ ಇಲ್ಲಿ ಹೇಳುತ್ತಿದ್ದೇನೆ.

ಆಗ ತಮಗೆ ಬರೆಯಬೇಕೆಂದಿದ್ದ ಅರ್ಜಿಯಲ್ಲಿ ನನ್ನ ಬೇಡಿಕೆಗಳು ಬಹಳ ಸರಳವಾಗಿದ್ದವು. ವಾರಕ್ಕೆ ಒಂದಾದರೂ ಕುಣಿಕೆ ಬೀಳಿಸಿ, ಎತ್ತಿಕೊಡುವ ಪುಣ್ಯವನ್ನು ನಮಗೆ ಬಿಡಬೇಕು, ಆಗಾಗ ಎದ್ದು ಬಾಗಿಲ ತನಕ ಹೋಗಿ ಬರಬೇಕು, ಆ ಹೊತ್ತಿಗೆ ತಮ್ಮ ಸಾಲನ್ನು ಪಕ್ಕದವರು ಹೆಣೆಯಲು ಅವಕಾಶ ಕೊಡಬೇಕು, ಡ್ರೈವರಣ್ಣ ಚಿಲ್ಲರೆ ಕೊಡದ ಪ್ರಯಾಣಿಕರ ಕತೆ ತೆಗೆದಾಗ, ಎಷ್ಟನೆಯ ಸಲ ಕೇಳುತ್ತಿದ್ದರೂ "ಹೌದಾ!" ಎನ್ನಬೇಕು, ಮತ್ತು ಯಾವುದಾದರೂ ಒಂದು ಗುರುವಾರ, ಯಾರಿಗೂ ತೊಂದರೆಯಾಗದಂತೆ, ಶಾಶ್ವತವಾಗಿ ಕೆಟ್ಟು ನಿಲ್ಲಬೇಕು. ಅರ್ಜಿಯ ಕೊನೆಗೆ, ಶೀಘ್ರ ಕ್ರಮದ ನಿರೀಕ್ಷೆಯಲ್ಲಿ, ಎಂದು ಬರೆಯುವುದಷ್ಟೇ ಬಾಕಿಯಿತ್ತು.

ಅಷ್ಟರಲ್ಲಿ ತಮ್ಮ ಒಂದು ದೌರ್ಬಲ್ಯ ಬಯಲಾಯಿತು. ತಾವು ಸ್ವೆಟರ್ ಹೆಣೆಯುವುದಿಲ್ಲ. ತಾವು ಹೆಣೆಯುವುದು ತುಂಡುಗಳನ್ನು. ಬೆನ್ನು, ಎದೆ, ತೋಳು, ಎಲ್ಲವೂ ಬೇರೆ ಬೇರೆ. ಅವನ್ನು ಒಂದಕ್ಕೊಂದು ಸೇರಿಸಿ ಹೊಲಿಯಲು ಮನುಷ್ಯರ ಕೈಯೇ ಬೇಕೆಂದು ತಮ್ಮನ್ನು ಮಾರಿದವನು ಹೇಳಲಿಲ್ಲ, ಸ್ವೆಟರ್ ಮಾರುವ ಉತ್ಸಾಹದಲ್ಲಿದ್ದ ಅಂಗಡಿಯಕ್ಕ ಕೇಳಲಿಲ್ಲ. ಶಾಲೆಯವರು ಬರುವ ದಿನ ಹತ್ತಿರವಾದಾಗ ನೋಡಿದರೆ ಅಂಗಡಿಯ ತುಂಬ ತೋಳುಗಳ ರಾಶಿ. ಮೈಯಿಲ್ಲದ ತೋಳುಗಳು, ತೋಳಿಲ್ಲದ ಮೈಗಳು. ಅಂಗಡಿಯಕ್ಕ ನಮಗೆಲ್ಲ ಫೋನು ಮಾಡಿ, "ನನ್ನ ಮಾನ ಉಳಿಸ್ರಪ್ಪಾ" ಎಂದು ಅತ್ತುಬಿಟ್ಟಳು.

ಹೋದೆವು. ಮೇಜು ತೆಗೆಯಲು ಪುರುಸೊತ್ತಿಲ್ಲದೆ ತಮ್ಮ ಸುತ್ತಲೂ ಉಲ್ಲನ್ ಪೆಟ್ಟಿಗೆಗಳ ಮೇಲೆ ಕೂತೆವು. ಒಂದು ಸ್ವೆಟರಿನ ಎರಡು ಪಕ್ಕಗಳನ್ನು ಇಬ್ಬರು ಎದುರುಬದುರು ಕೂತು ಹೊಲಿದರೆ ಬೇಗ ಮುಗಿಯುತ್ತದೆ ಎಂದು ನರ್ಸಮ್ಮ ತೀರ್ಮಾನಿಸಿ, ಡ್ರೈವರಣ್ಣನನ್ನು ಜೋಡಿ ಮಾಡಿಕೊಂಡರು. ಉಳಿದವರು ನಾನು ಮತ್ತು ನನ್ನ ಓರಗಿತ್ತಿ. ಒಂದು ಪುಟ್ಟ ನೀಲಿ ಸ್ವೆಟರ್ ನಮ್ಮಿಬ್ಬರ ಮಂಡಿಗಳ ನಡುವೆ. ಅವಳು ದಾರ ಎಳೆದರೆ ನನ್ನ ಕಡೆ ಸುರುಟುತ್ತದೆ, ನಾನು ಎಳೆದರೆ ಅವಳ ಕಡೆ. ಇಬ್ಬರೂ ಸೋಲುವ ಪೈಕಿ ಅಲ್ಲ. ತಾವು ಪಕ್ಕದಲ್ಲೇ ಸರ್ರ್ ಸರ್ರ್ ಎಂದು ಇನ್ನಷ್ಟು ತೋಳು ಹೆರುತ್ತಿದ್ದಿರಿ. ಆಗ "ನಿಧಾನ, ಹರಿದುಹೋಗತ್ತೆ!" ಎಂಬ ಮಾತು ಹೊರಬಿತ್ತು. ಯಾರ ಬಾಯಿಂದ ಎಂಬುದು ಇಲ್ಲಿ ಅಪ್ರಸ್ತುತ. "ಹರಿಯಲ್ಲ, ಮೆಷೀನ್ ಹೆಣೆದಿರೋದು, ಗಟ್ಟಿ ಇದೆ" ಎಂಬ ಉತ್ತರವೂ ಬಂತು. ನರ್ಸಮ್ಮನ ಸೂಜಿ ಗಾಳಿಯಲ್ಲೇ ನಿಂತಿತು. ಡ್ರೈವರಣ್ಣ ವಿನಾಕಾರಣ ಕೆಮ್ಮಿದರು.

ಆಮೇಲೆ ಅವಳು ತಲೆಯೆತ್ತದೆಯೇ, "ಅಕ್ಕಾ, ಆ ಬೂದು ಸ್ವೆಟರ್ ಏನಾಯ್ತು? ಎರಡೂ ಎಡಗಡೇದೇ ಹೆಣೀತಿದ್ರಲ್ಲ" ಎಂದಳು. ಅವಳೇ ಮುಂದುವರಿಸಿದಳು: "ಕುತ್ತಿಗೆ ಇಳಿಜಾರು ಈ ಕಡೆ ಬರ್ಬೇಕು ಅಂತ ಕೆಂಪು ದಾರ ಕಟ್ಟಿ ಕಟ್ಟಿ ಇಟ್ಟೆ, ನೀವು ಕಿತ್ತು ಕಿತ್ತು ಎಸೆದ್ರಿ. ಬಾಯ್ಬಿಟ್ಟು ಹೇಳೋಣ ಅಂದ್ರೆ ನಾವು ಮಾತು ಬಿಟ್ಟಿದೀವಲ್ಲ!" ಮಾನ್ಯರೇ, ಎರಡು ಎಡಗಡೆಯ ಸ್ವೆಟರನ್ನು ತೊಡುವ ದೇಹ ಇನ್ನೂ ಹುಟ್ಟಿಲ್ಲ. ಆ ಪೆಟ್ಟಿಗೆಯ ಮೇಲೆ ಕೂತು ನಾನು ನಕ್ಕೆ, ನಗುತ್ತಾ ನಗುತ್ತಾ ಅತ್ತೆ; ಅವಳು ಶಾಲೆಯ ತೋಳೊಂದನ್ನು ತೆಗೆದು ನನ್ನ ಮೂಗು ಒರೆಸಿದಳು. ಆ ತೋಳನ್ನು ಒಗೆದು ಕೊಟ್ಟಿದ್ದೇವೆ.

ಈ ಹಿನ್ನೆಲೆಯಲ್ಲಿ ನನ್ನ ದೂರು ಪರಿಷ್ಕೃತವಾಗಿದೆ. ಅಂದಿನಿಂದ ನನ್ನ ಓರಗಿತ್ತಿ ಬೆಳಗಾಗುವುದರೊಳಗೆ ಕೆಳಗೆ ಇಳಿದು ಬರುತ್ತಾಳೆ, ಇಷ್ಟು ವರ್ಷ ಹೇಳದೆ ಉಳಿಸಿಕೊಂಡ ಮಾತನ್ನೆಲ್ಲ ಆದ ಕ್ರಮದಲ್ಲೇ ಹೇಳುತ್ತಾಳೆ, ಇನ್ನೂ ಮೊದಲ ವರ್ಷವೇ ಮುಗಿದಿಲ್ಲ. ನನ್ನ ಪರದೆಯ ಬಣ್ಣ ಸರಿಯಿಲ್ಲವಂತೆ, ಚಹಾಕ್ಕೆ ಪುಡಿ ಕಡಿಮೆಯಂತೆ. ನನ್ನ ಎರಡನೆಯ ಎಡಗಡೆಯನ್ನು ತಾನೇ ಬಿಚ್ಚಿ ತಾನೇ ಹೆಣೆಯುತ್ತಿದ್ದಾಳೆ, ನನ್ನನ್ನು ಮುಟ್ಟಗೊಡುವುದಿಲ್ಲ. ನನ್ನ ಗಂಡ ಮತ್ತು ಮೈದುನ ಟೀವಿಯ ಸದ್ದು ಕೇಳಿಸದೆ ಮಹಡಿಗೆ ಓಡಿಹೋಗಿದ್ದಾರೆ. ಒಬ್ಬ ಗೌರವಾನ್ವಿತ ನಿವೃತ್ತೆಯ ಮನೆಯ ಈ ಅಶಾಂತಿಗೆ ನೇರ ಹೊಣೆಗಾರರು ತಾವು. ಆದ್ದರಿಂದ ತಾವು ದಯಮಾಡಿ ಕೆಡಬಾರದು, ತೋಳುಗಳನ್ನು ಬೇರೆ ಬೇರೆಯಾಗಿಯೇ ಹೆಣೆಯುತ್ತಿರಬೇಕು, ಜೋಡಿಸುವ ವಿದ್ಯೆಯನ್ನು ಯಾವ ಕಾರಣಕ್ಕೂ ಕಲಿಯಬಾರದೆಂದು ವಿನಂತಿಸುತ್ತೇನೆ. ಮೇಜನ್ನು ಗೋದಾಮಿನಿಂದ ತಂದು ತಮ್ಮ ಪಕ್ಕದಲ್ಲೇ ಹಾಕಿದ್ದೇವೆ. ಸ್ವಲ್ಪ ಒತ್ತಿಕೊಂಡು ಕೂರಬೇಕು.

ಇಂತಿ,
ತೋಳು, ಬೆನ್ನು, ಎದೆಗಳೊಡನೆ
ತಮ್ಮ ವಿಶ್ವಾಸಿ,
ಕೆಳಗಿನ ಮನೆಯ ಅಕ್ಕ

ತಾ.ಕ.: ಅಂದು ಮೊದಲು ಬಾಯಿ ಬಿಟ್ಟವರು ಯಾರು ಎಂಬ ವಿಷಯದಲ್ಲಿ ಮನೆಯಲ್ಲಿ ಈಗ ಹೊಸ ವ್ಯಾಜ್ಯ ಶುರುವಾಗಿದೆ. ಅವಳೇ ಎಂದು ನಾನು, ನೀವೇ ಎಂದು ಅವಳು. ನರ್ಸಮ್ಮ, ಡ್ರೈವರಣ್ಣ ಇಬ್ಬರೂ ನಮ್ಮ ಸಹವಾಸ ಬೇಡವೆಂದು ಏನೂ ಕೇಳಿಸಲಿಲ್ಲ ಎನ್ನುತ್ತಿದ್ದಾರೆ, ಆದ್ದರಿಂದ ಉಳಿದಿರುವ ಏಕೈಕ ನಿಷ್ಪಕ್ಷಪಾತ ಸಾಕ್ಷಿ ತಾವು. ಅವಳು ಬಂದು ಕೇಳಿದರೆ, ಈಗಿರುವ ಹಾಗೆಯೇ ಸುಮ್ಮನಿರಬೇಕೆಂದು ಪ್ರಾರ್ಥನೆ. ಇಲ್ಲ, ತಾವು ಸತ್ಯವನ್ನೇ ಹೇಳುವವರು ಎಂದಾದರೆ, ತಮ್ಮ ಪ್ಲಗ್ ಯಾವ ಗೋಡೆಯಲ್ಲಿದೆ ಎಂದು ನನಗೆ ಗೊತ್ತು.