ಹೆಬ್ಬೆರಳು ಮೆಚ್ಚಿದ ಹಾಡು

"ಬಾಯಿ ಸುಳ್ಳು ಹೇಳ್ತದೆ ತಂಗಿ, ಕಾಲಿನ ಹೆಬ್ಬೆರಳು ಹೇಳುದಿಲ್ಲ!" ಎಂದು ಪ್ರಬೋಧಣ್ಣ ಚರ್ಚಿನ ಬೆಂಚಿನಡಿಯಿಂದ ತಲೆ ಹೊರಹಾಕಿದ.

ಸುನಾಲಿನಿ ಹಣೆ ಚಚ್ಚಿಕೊಂಡಳು. ಅಣ್ಣ ಹಿಂದೆ ಮಾಡಿದ ತೆಂಗಿನಕಾಯಿ ತುರಿಯುವ ಯಂತ್ರ ಅಡುಗೆಮನೆಯ ಗೋಡೆಯನ್ನೇ ತುರಿದಿತ್ತು. ನಾಳೆ ಮಗಳು ಶೈನಿಯ ಮದುವೆ!

ಜಗಳ ಹಾಡಿನದು. ಶೈನಿಗೆ ಈಗ ಎಲ್ಲರ ಮೊಬೈಲಿನಲ್ಲೂ ಮೊದಲ ಸ್ಥಾನದಲ್ಲಿರುವ, ಗಿಟಾರು ಡ್ರಮ್ಮುಗಳ ಕ್ರೈಸ್ತ ಗೀತೆ ಬೇಕು. ಧಾರವಾಡದ ಬೀಗಿತ್ತಿ ಕರುಣಾಬಾಯಿ ಫೋನಿನಲ್ಲೇ ಗುಡುಗಿದ್ದರು: "ಒಂದಾ ಸಾಲು ನಲವತ್ತು ಸಲ ಹಾಡ್ತಾರ! ದೇವರಿಗೇನು ಕಿವಿ ಕೇಳಂಗಿಲ್ಲೇನ್ರೀ? ಹಳೇ ಹಾಡು ಇಲ್ಲಂದ್ರ ಮಗನ್ನ ಕರಕೊಂಡು ವಾಪಸ್ ಹೊಂಟೆ!"

ಸುನಾಲಿನಿಯನ್ನು ಕೇಳಿದರೆ, ಹೊಸ ಹಾಡಿನಲ್ಲಿ ಮಾತು ಕೇಳಿಸುವುದಿಲ್ಲ. ಹಳೆಯದರಲ್ಲಿ ಕೇಳಿಸುತ್ತದೆ, ಆದರೆ ಐದನೆಯ ಚರಣದ ಹೊತ್ತಿಗೆ ಮನಸ್ಸು ಬಿರಿಯಾನಿಗೆ ಹೋಗಿರುತ್ತದೆ.

ಪ್ರಬೋಧಣ್ಣ ಬೆಂಚುಗಳ ಕಾಲುಹಲಗೆಗಳಿಂದ ತಂತಿ ಎಳೆದು, ಹಾಡಿನ ಸಂಖ್ಯೆ ತೋರಿಸುವ ಗೋಡೆಯ ಹಲಗೆಗೆ ಸೇರಿಸಿದ್ದ. ಹೆಬ್ಬೆರಳು ತಾಳ ಹಾಕಿದರೆ ಆ ಬೆಂಚಿನ ಹಸಿರು ದೀಪ ಹೊತ್ತುತ್ತಿತ್ತು. "ಈ ಮಳೆಗಾಲವಿಡೀ ಯಾವ ಹಾಡಿಗೆ ಎಷ್ಟು ಹೆಬ್ಬೆರಳು ಕುಣಿಯಿತೆಂದು ಇದಕ್ಕೆ ಗೊತ್ತುಂಟು. ಹಾಡು ಹಿಡಿಸದಿದ್ದರೆ ತಾನೇ ಬೇರೆ ಸಂಖ್ಯೆ ಹಾಕ್ತದೆ!"

ಶೈನಿ ಮೊಬೈಲಿನಲ್ಲಿ ತನ್ನ ಹಾಡು ಹಾಕಿದಳು.

"ಥೂ, ಎಂತ ಗಲಾಟೆ ಮಾರಾಯ್ತಿ!" ಎಂದಳು ಸುನಾಲಿನಿ.

ಅವಳ ಬೆಂಚಿನ ಹಸಿರು ದೀಪ ಪಕ್ಕನೆ ಹೊತ್ತಿತು. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಮದುವೆಯ ದಿನ ಮೊದಲು ಬಂದದ್ದು ಶೈನಿಯ ಹಾಡೇ. ಹಿರಿಯರ ಕಾಲುಗಳು ಕಲ್ಲಾದವು. ಅರ್ಧ ಸಾಲಿನಲ್ಲೇ ಹಲಗೆ ಕಟಕಟ ತಿರುಗಿ ಹಳೆಯ ಹಾಡಿನ ಸಂಖ್ಯೆ ಬಂತು. ಹಲಗೆಯಲ್ಲಿ ಬಂದದ್ದನ್ನು ಹಾಡಿಯೇ ರೂಢಿಯಾದ ಸಭೆ ಪುಟ ತಿರುಗಿಸಿ ಹಾಡಿತು. ಈಗ ಹುಡುಗರ ಕಾಲುಗಳು ನಿಂತವು. ಮತ್ತೆ ಕಟಕಟ! ಮತ್ತೆ ಪುಟ!

"ಅಣ್ಣಾ, ನಿಲ್ಲಿಸು ಅದನ್ನು!"

"ನಿಲ್ಲುದಿಲ್ಲ! ಕರೆಂಟು ಹೋದರೂ ನಿಲ್ಲಬಾರದೆಂದು ಬ್ಯಾಟರಿ ಇಟ್ಟದ್ದು!"

ಕೊನೆಗೆ ಯಂತ್ರ ಹಿರಿಯರೂ ಹುಡುಗರೂ ಒಪ್ಪಿದ ಒಂದೇ ಹಾಡನ್ನು ಹುಡುಕಿ ತೆಗೆಯಿತು. ಅದು ಶವಸಂಸ್ಕಾರದ ಹಾಡು! ಆ ಮಳೆಗಾಲದಲ್ಲಿ ಸಭೆಯ ಹಿರಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅದು ಎಲ್ಲರಿಗೂ ಬಾಯಿಪಾಠವಾಗಿತ್ತು. ಪುಸ್ತಕ ಮುಚ್ಚಿ, ನಾಲ್ಕು ಸ್ವರಗಳಲ್ಲಿ, ಮಾಡಿನ ಹೆಂಚು ಹಾರುವಂತೆ ಹಾಡಿದರು. ಬೆಂಚಿಗೆ ಬೆಂಚೇ ಹಸಿರಾಯಿತು!

ಕರುಣಾಬಾಯಿ ಧಡಕ್ಕನೆ ಎದ್ದು ನಿಂತರು. ಹೋಯಿತು, ಮದುಮಗನನ್ನು ಎಳೆದುಕೊಂಡು ಹೊರಟರು ಎಂದು ಸುನಾಲಿನಿ ಕಣ್ಣು ಮುಚ್ಚಿದಳು. ಪಕ್ಕದಲ್ಲಿ ದಪ್ಪನೆಯ ಕೆಳಸ್ವರವೊಂದು ಎದ್ದಿತು. ಕರುಣಾಬಾಯಿ ಹಾಡುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು.

"ನಮ್ಮನಿಯವರು ಹೋದಾಗ ಯಾರೂ ಇಷ್ಟ ಛಂದ ಹಾಡಿದ್ದಿಲ್ರೀ," ಎಂದು ಅವರು ಸುನಾಲಿನಿಯ ಕೈ ಹಿಡಿದರು.

ಹಾಡು ಮುಗಿಯಿತು. ಆದರೆ ಆ ಹಾಡಿನ ನಂತರ ಶವದ ಕೊನೆಯ ನೋಟ ನೋಡುವ ಪದ್ಧತಿ. ಸಭೆಯ ಕಾಲು ತಾನಾಗಿ ಹೊರಟಿತು! ಎಲ್ಲರೂ ಸಾಲಾಗಿ ಬಂದು, ಮದುಮಕ್ಕಳ ಮುಂದೆ ತಲೆಬಾಗಿ, ನಿಟ್ಟುಸಿರುಬಿಟ್ಟು, ಪಕ್ಕದ ಬಾಗಿಲಿನಿಂದ ಊಟದ ಚಪ್ಪರಕ್ಕೆ ನಡೆದರು.

"ಪ್ರಮಾಣವಚನ ಇನ್ನೂ ಬಾಕಿ ಉಂಟು!" ಎಂದು ಪಾದ್ರಿಗಳು ಕೂಗಿದರೂ ಯಾರೂ ತಿರುಗಲಿಲ್ಲ.

"ನಾವು ಅದೀವಲ್ರೀ, ಓದ್ರಿ," ಎಂದರು ಕರುಣಾಬಾಯಿ, ಸುನಾಲಿನಿಯ ಕೈ ಬಿಡದೆ.

ಪಾದ್ರಿಗಳು ಖಾಲಿ ಬೆಂಚುಗಳಿಗೆ ಓದಿದರು: "ಮರಣವು ನಮ್ಮನ್ನು ಅಗಲಿಸುವ ತನಕ..." ಆಮೇಲೆ ಕನ್ನಡಕ ತೆಗೆದು ಮದುಮಕ್ಕಳನ್ನು ನೋಡಿದರು.

"ಮರಣದ ಹಾಡು ಆಗಿದೆ. ಉಳಿದದ್ದು ನೀವು ನಿಧಾನಕ್ಕೆ ಮಾಡಿ."