ಭದ್ರತಾ ಉಪಸಮಿತಿಗೆ ಬಂದ ಭಾವ

ಮನುಷ್ಯನ ಮುಖ ನೋಡಿದ ಕೂಡಲೇ ಅವನು ಎಂಥವನೆಂದು ಹೇಳಿಬಿಡುವ ಶಕ್ತಿ ನನಗಿದೆ. ಯಲ್ಲಾಪುರ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡೇ ತಲೆ ಬೋಳಾದವನು ನಾನು. ಕುಕ್ಕರ್ ಕೊಳ್ಳಲು ಬಂದವರು ಯಾರು, ಸುಮ್ಮನೆ ಮುಚ್ಚಳ ತಿರುಗಿಸಿ ಹೋಗಲು ಬಂದವರು ಯಾರು ಎಂದು ಅವರು ಮೆಟ್ಟಿಲು ಹತ್ತುವಾಗಲೇ ಹೇಳಬಲ್ಲೆ. ಈ ಪ್ರತಿಭೆಯನ್ನು ಗುರುತಿಸಿಯೇ ನಮ್ಮ ಸಹಕಾರಿ ಸಂಘದವರು ನನ್ನನ್ನು ನಿರ್ದೇಶಕನನ್ನಾಗಿ ಮಾಡಿ, ಮೇಲಿಂದ ಭದ್ರತಾ ಉಪಸಮಿತಿಯ ಸಂಚಾಲಕ ಸ್ಥಾನವನ್ನೂ ದಯಪಾಲಿಸಿದ್ದರು. ಉಪಸಮಿತಿಯಲ್ಲಿ ಬೇರೆ ಸದಸ್ಯರಿರಲಿಲ್ಲ. ಅಗತ್ಯವೂ ಇರಲಿಲ್ಲ!

ಹೀಗಿರುವಾಗ ಒಂದು ಸಭೆಯಲ್ಲಿ ಅಧ್ಯಕ್ಷ ಭಟ್ಟರು ಪ್ರಸನ್ನ ಎಂಬ ಹುಡುಗನ ವಿಷಯ ತೆಗೆದರು. ಹಿಂದೆ ಯಾವುದೋ ಕಂಪನಿಯ ಕಂಪ್ಯೂಟರಿಗೆ ಕನ್ನ ಹಾಕಿ ಸಿಕ್ಕಿಬಿದ್ದು, ಕೋರ್ಟಿನಲ್ಲಿ ಶಿಕ್ಷೆಯಾಗಿ, ಜೈಲು ಮುಗಿಸಿ ಬಂದವನಂತೆ. ಈಗ ಅದೇ ವಿದ್ಯೆಯನ್ನು ಸರಿದಾರಿಗೆ ತಂದು, ಕನ್ನ ಹಾಕುವವರಿಂದ ಸಂಸ್ಥೆಗಳನ್ನು ಕಾಯುವ ಸೈಬರ್ ಭದ್ರತೆಯ ಕೆಲಸ ಹಿಡಿದಿದ್ದಾನಂತೆ. ಶಿರಸಿಯಲ್ಲಿ ಒಂದು ಸಣ್ಣ ಆಫೀಸು. ವಿದ್ಯೆ ಅಪಾರ, ಆದರೆ ಜೈಲು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಎಲ್ಲರೂ ಕೈಮುಗಿದು ಕಳಿಸುತ್ತಾರಂತೆ. ನಮ್ಮ ಸಂಘ ಕೆಲಸ ಕೊಟ್ಟರೆ ಉಳಿದವರೂ ಧೈರ್ಯ ಮಾಡಿಯಾರು. ಕೊಡದಿದ್ದರೆ ಆಫೀಸು ಮುಚ್ಚಿ ಹೋಗುವುದೊಂದೇ ಅವನಿಗೆ ಉಳಿದ ದಾರಿ.

ನಾನು ಎದ್ದು ನಿಂತೆ. "ಜೈಲಿಗೆ ಹೋಗಿ ಬಂದವನ ಕೈಗೆ ಸಂಘದ ಕೀಲಿಕೈ ಕೊಡುವುದೇ? ಆನು ಇಪ್ಪವರೆಗೆ ಒಂದು ನೊಣವೂ ಒಳಗೆ ಬಪ್ಪಲೆ ಸಾಧ್ಯ ಇಲ್ಲೆ!" ಸಿಟ್ಟಿಗೆ ನನ್ನ ಮನೆಮಾತು ಹೊರಬಂತು; ಅದರಲ್ಲಿ 'ಆನು' ಎಂದರೆ ನಾನು.

"ಹಂಗಾರೆ ಪರೀಕ್ಷೆ ಮಾಡನ ಹೆಗಡೇರೇ," ಎಂದರು ಭಟ್ಟರು ತಣ್ಣಗೆ. "ನಮ್ಮ ಕಂಪ್ಯೂಟರ್ ಕೋಣೆಯ ಒಳಗೆ ಹೋಪಲೆ ಅವಂಗೆ ನಾವೇ ಅನುಮತಿ ಕೊಡನ. ನಿಂಗಳ ದಾಟಿ ಒಳಗೆ ಹೋದ್ರೆ ಕೆಲಸ ಅವಂಗೆ."

"ಹೋದ್ರೆ ಅವನ ಹೆಸರು ಆನೇ ಸೂಚಿಸ್ತೆ!"

"ಅವನ ಫೋಟೋ ಇದ್ದು. ನೋಡ್ತ್ರಾ?"

"ಕಳ್ಳರ ಗುರ್ತು ಹಿಡಿಯಲೆ ಯಂಗೆ ಫೋಟೋ ಬೇಡ," ಎಂದು ಕೂತುಬಿಟ್ಟೆ. ಈಗ ಆ ಮಾತು ನೆನಪಾದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಸಿದ್ಧತೆ ಭರದಿಂದ ಸಾಗಿತು. ಎಲ್ಲ ಮೂಲೆಗೂ ಕ್ಯಾಮೆರಾ ಹಾಕಿಸಿದೆ. ಕಂಪ್ಯೂಟರ್ ಕೋಣೆಗೆ ಹೊಸ ಬೀಗ ಜಡಿಸಿ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. 'ಪಾಸ್ ಇಲ್ಲದೆ ಯಾರಿಗೂ ಪ್ರವೇಶವಿಲ್ಲ' ಎಂದು ದಪ್ಪಕ್ಷರದ ಬೋರ್ಡು ತೂಗುಹಾಕಿದೆ. ಹ್ಯಾಕರ್ ಎಂದರೆ ಕರಿ ಅಂಗಿ, ಕುರುಚಲು ಗಡ್ಡ, ಬೆನ್ನಿಗೊಂದು ಚೀಲ ಎಂಬುದು ಟಿವಿ ನೋಡುವ ಯಾರಿಗೂ ಗೊತ್ತಿರುವ ಸಂಗತಿ. ಮೊದಲ ವಾರದಲ್ಲೇ ಅಂಥ ಒಬ್ಬನನ್ನು ಬಾಗಿಲಲ್ಲೇ ತಡೆದು, ಹೊರಗಿನ ಸ್ಟೂಲಿನ ಮೇಲೆ ಕೂರಿಸಿ, ಅಡ್ಡಪ್ರಶ್ನೆ ಹಾಕಿ ಸುಸ್ತು ಮಾಡಿದೆ. ಅವನು ಸಿಟ್ಟಾಗಿ ಬಸ್ಸು ಹತ್ತಿ ಹೋದ. ಆಮೇಲೆ ತಿಳಿಯಿತು, ಅವರು ಲೆಕ್ಕಪರಿಶೋಧಕರು!

ಅದಾದ ಮೇಲೆ, ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಒಬ್ಬನ ಕಾಲರಿಗೇ ಕೈಹಾಕಿದೆ. ಅವನು ಭಟ್ಟರ ಅಳಿಯನಂತೆ. ಮಾವನನ್ನು ಕರೆದೊಯ್ಯಲು ಬಂದವನು. ಭಟ್ಟರ ಮನೆಯಿಂದ ನಮಗೆ ಬರುತ್ತಿದ್ದ ಮಿಡಿ ಉಪ್ಪಿನಕಾಯಿ ಆ ವರ್ಷ ಬರಲಿಲ್ಲ.

ಇಷ್ಟಾದರೂ ನನ್ನ ಉತ್ಸಾಹ ಕುಗ್ಗಲಿಲ್ಲ. ಒಂದು ದಿನ ಅಂಗಡಿಯಲ್ಲಿ ಕೂತಿದ್ದಾಗ ಬಿಳಿ ಪಂಚೆ ಉಟ್ಟ, ಹಣೆಗೆ ಗಂಧ ಹಚ್ಚಿದ ಒಬ್ಬ ಯುವಕ ಮೆಟ್ಟಿಲು ಹತ್ತಿ ಬಂದ. ನೋಡಿದೊಡನೆ ಗೊತ್ತಾಯಿತು, ಸಂಭಾವಿತ ಮನೆಯವನು! ಒಂದು ಹಿತ್ತಾಳೆ ಗಂಟೆ ಬೇಕಿತ್ತು ಎಂದ. ಚಂದಗುಳಿ ಗಣಪತಿಗೆ ಕಟ್ಟುವ ಹರಕೆಯಂತೆ.

ನಮ್ಮ ಕಡೆ ಎದುರು ಬಂದವನ ಮನೆ ಯಾವುದೆಂದು ತಿಳಿಯದೆ ಅವನಿಗೆ ಲೋಟ ನೀರನ್ನೂ ನೆಮ್ಮದಿಯಿಂದ ಕೊಡಲಾಗುವುದಿಲ್ಲ. ಗಂಟೆ ಬಾರಿಸಿ ತೋರಿಸುತ್ತಲೇ ಶುರುಮಾಡಿದೆ.

"ಎಲ್ಲಿ ಆತು ತಮಾ?"

"ಸಿದ್ದಾಪುರ ಬದಿ."

"ಹೌದಾ! ವಜ್ರಳ್ಳಿ ಬದಿಗೆ ನೆಂಟಸ್ತನ ಇದ್ದಾ?"

"ಇಕ್ಕು," ಎಂದ. ಇರಬಹುದು ಎಂದರ್ಥ.

"ವಜ್ರಳ್ಳಿ ಸಾವಿತ್ರಕ್ಕನೂ ಸಿದ್ದಾಪುರ ಬದಿಗೇ ಸಂಬಂಧ. ಹಂಗಾರೆ ನೀನು ಅವಳ ಮೈದುನನ ಮಗ ಆಗವು!"

ಯುವಕ ನಾಚಿಕೆಯಿಂದ ನಕ್ಕ. ಅಲ್ಲವೆನ್ನಲಿಲ್ಲ. ಇನ್ನೆಂಥ ಸಾಕ್ಷಿ ಬೇಕು? ಸಾವಿತ್ರಕ್ಕ ನನ್ನ ಹೆಂಡತಿಗೆ ದೊಡ್ಡಮ್ಮ. ಅಂದರೆ ಇವನು ನನ್ನ ಹೆಂಡತಿಗೆ ತಮ್ಮನ ವರಸೆ. ಅಂದರೆ ನನಗೆ ಭಾವ; ನಮ್ಮ ಕಡೆ ಹೆಂಡತಿಯ ತಮ್ಮನೂ ಭಾವನೇ! ಗಂಟೆಯನ್ನು ಪುಕ್ಕಟೆಯಾಗಿ ಕೊಟ್ಟು, ಅಂಗಡಿಯ ಬಾಗಿಲೆಳೆದು, ಭಾವನನ್ನು ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ.

ಹೆಂಡತಿ ಭಾರತಿ ತಂಬುಳಿ ಬಡಿಸಿ ಒಳಗೆ ಹೋಗಿ ನನ್ನನ್ನು ಕರೆದಳು. "ಸಾವಿತ್ರಿ ದೊಡ್ಡಮ್ಮಂಗೆ ಮೈದುನನೇ ಇಲ್ಲೆ. ಇಂವ ಯಾರು?"

"ನಿಂಗೆ ತವರುಮನೆ ನೆಂಟರೇ ಮರ್ತುಹೋಜು! ಸುಮ್ಮನೆ ಹಪ್ಪಳ ಕರಿ," ಎಂದು ಗದರಿಸಿ ಬಂದೆ.

ಕೈತೊಳೆಯುತ್ತ ಭಾವ ಸಂಕೋಚದಿಂದ ಕೇಳಿದ, ಇಲ್ಲೆಲ್ಲಾದರೂ ಒಂದು ಕಾಗದ ಪ್ರಿಂಟ್ ತೆಗೆಯಲು ಆಗುತ್ತದೆಯೇ ಎಂದು. ನಾನು ಗಹಗಹಿಸಿ ನಕ್ಕೆ. "ನಿನ್ನ ಭಾವ ಇಡೀ ಸೊಸೈಟಿಯ ಭದ್ರತೆ ನೋಡವ. ಅಂಗಡಿ ಹುಡುಕ್ತ್ಯ? ಬಾ!"

ಸಂಘದ ಬಾಗಿಲಲ್ಲಿ ಕ್ಯಾಶಿಯರ್ ಶಾಂತಾ ಅಡ್ಡ ನಿಂತಳು. ಅವಳು ಮುಂಡಗೋಡ ಕಡೆಯವಳು. "ಸರ, ಪಾಸ್ ಇಲ್ದ ಯಾರನ್ನೂ ಬಿಡಬ್ಯಾಡ ಅಂದೋರು ನೀವ ಅಲ್ರಿ?"

"ಅದು ಹೊರಗಿನವರಿಗೆ ಮಾರಾಯ್ತಿ! ಇವ ನಮ್ಮ ಭಾವ!"

ಅವಳು ಸರಿದಳು. ನಾನು ಜನಿವಾರ ಎಳೆದು ಬೀಗ ತೆಗೆದೆ. ಕನ್ನಡಕ ಮನೆಯಲ್ಲೇ ಉಳಿದಿತ್ತು. ಹಾಗಾಗಿ ಭಾವನನ್ನೇ ಕುರ್ಚಿಯಲ್ಲಿ ಕೂರಿಸಿ ಪಾಸ್‌ವರ್ಡನ್ನು ಬಾಯಲ್ಲಿ ಹೇಳಿದೆ. ಯಾರ ಊಹೆಗೂ ಸಿಗದಂತೆ ತಲೆ ಕೆರೆದುಕೊಂಡು ರಚಿಸಿದ ಪಾಸ್‌ವರ್ಡ್ ಅದು. ಎಷ್ಟು ಕಠಿಣವೆಂದರೆ ಭಾವನಿಗೆ ಎರಡೆರಡು ಸಲ ಹೇಳಬೇಕಾಯಿತು!

ಕಂಪ್ಯೂಟರ್ ತೆರೆದುಕೊಂಡಿತು. ನನಗೆ ಹೆಮ್ಮೆ ಉಕ್ಕಿತು. "ನೋಡಿದ್ಯಾ ವ್ಯವಸ್ಥೆ? ಯಾವನೋ ಜೈಲಿಗೆ ಹೋಗಿ ಬಂದವ ಒಳಗೆ ನುಗ್ತೆ ಹೇಳಿದ್ನಡ. ಇಷ್ಟು ದಿನ ಆತು, ಇನ್ನೂ ಬೈಂದ್ನೇ ಇಲ್ಲೆ!" ಎಂದು ಅವನು ಬಾರದಿದ್ದುದಕ್ಕೆ ಬೀಗಿದೆ.

ಯುವಕ ಕುರ್ಚಿಯಿಂದೆದ್ದು ಕೈಮುಗಿದ. "ಬೈಂದ, ಭಾವಾ," ಎಂದ.

ಆ ಕ್ಷಣ ನಾನು ಕೂತುಕೊಳ್ಳಲು ನೋಡಿದೆ. ಕುರ್ಚಿ ಇರುವ ಜಾಗದಲ್ಲಿ ಕೂತಿದ್ದರೆ ಚೆನ್ನಾಗಿತ್ತು!

ಮುಂದಿನ ಸಭೆಯಲ್ಲಿ ನಾನೇ ಹಾಕಿಸಿದ ಕ್ಯಾಮೆರಾಗಳು ನನ್ನನ್ನು ಎಲ್ಲ ಕೋನಗಳಿಂದ ತೋರಿಸಿದವು. ಹಿಂದಿನಿಂದ ನನ್ನ ಬೋಳು ತಲೆ ವಿಶೇಷವಾಗಿ ಹೊಳೆಯುತ್ತಿತ್ತು. ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟೊಂದು ಸುಳ್ಳು ಹೇಗೆ ಹೆಣೆದೆ ಎಂದು ಭಟ್ಟರು ಪ್ರಸನ್ನನನ್ನು ಕೇಳಿದರು.

"ಆನು 'ಇಕ್ಕು' ಹೇಳಿದ್ದಷ್ಟೇ. ಉಳಿದಿದ್ದೆಲ್ಲ ಇವರೇ ಹೇಳಿದ್ದು," ಎಂದ ಅವನು. ಆಮೇಲೆ ಮೆಲ್ಲಗೆ ಸೇರಿಸಿದ. "ಜೈಲಿಂದ ಬಂದಮೇಲೆ ಯನ್ನ ಸ್ವಂತ ನೆಂಟರೂ ಗುರ್ತು ಹೇಳಿದ್ವಿಲ್ಲೆ. ಇವರು ತಾವಾಗೇ ನೆಂಟಸ್ತನ ಹುಡುಕಿ ಊಟ ಹಾಕಿದ್ರು. ಇವರಿಗೇ ಮೋಸ ಮಾಡ್ತಾ ಅಲ್ಲಿ ಕುಂತು ಉಣ್ಣಕಾರೆ ಯಂಗೆ ರಾಶಿ ಬೇಜಾರಾತು."

ನಗು ನಿಂತಿತು. ಕೊಟ್ಟ ಮಾತಿನಂತೆ ಅವನ ಹೆಸರು ಸೂಚಿಸಲು ಎದ್ದೆ. ಅಷ್ಟರಲ್ಲಿ ನಿರ್ದೇಶಕ ಸುಬ್ರಾಯರು ಅಡ್ಡ ಬಾಯಿ ಹಾಕಿದರು. "ನಿರ್ದೇಶಕರ ನೆಂಟರಿಗೆ ಸಂಘದ ಕೆಲಸ ಕೊಡುವಂತಿಲ್ಲ ಹೇಳಿ ನಿಯಮ ಇದ್ದು. ಕ್ಯಾಮೆರಾದಲ್ಲಿ ಇವರೇ 'ನಮ್ಮ ಭಾವ' ಹೇಳಿ ಕೂಗಿದ್ದು ಇದ್ದು!"

ನನಗೆ ತಟ್ಟನೆ ಒಂದು ಸೊಗಸಾದ ದಾರಿ ಕಂಡಿತು. ನೆಂಟಸ್ತನ ನಿಜವೆಂದು ಸಾಧಿಸಿದರೆ ನಾನು ಮೋಸಹೋದವನಲ್ಲ, ನೆಂಟನನ್ನು ನಂಬಿದ ದೊಡ್ಡ ಮನುಷ್ಯ! ಮರ್ಯಾದೆ ಪೂರ್ತಿ ಉಳಿಯುತ್ತಿತ್ತು. ಹುಡುಗನಿಗೆ ಕೆಲಸ ಮಾತ್ರ ತಪ್ಪುತ್ತಿತ್ತು. ಬಾಯಿ ತೆರೆಯುವ ಮೊದಲು ಅವನ ಕಡೆ ನೋಡಿದೆ. ಅವನು ಯಾರೊಂದಿಗೂ ವಾದಿಸದೆ, ಇದೆಲ್ಲ ಅಭ್ಯಾಸವಾದವನಂತೆ ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ನಾನು ಭಟ್ಟರ ಕಡೆ ತಿರುಗಿದೆ.

"ಮಾನ್ಯ ಅಧ್ಯಕ್ಷರೇ," ಎಂದೆ, "ಈ ವ್ಯಕ್ತಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂದು ಸಭೆಯ ಮುಂದೆ ಘೋಷಿಸುತ್ತೇನೆ."

ಸುಬ್ರಾಯರು ಬಿಡಲಿಲ್ಲ. "ಹಂಗಾರೆ ಗುರ್ತೇ ಇಲ್ಲದವಂಗೆ ಬೀಗ ತೆಗೆದ್ರಾ?"

"ತೆಗೆದೆ."

"ಪಾಸ್‌ವರ್ಡೂ ಹೇಳಿದ್ರಾ?"

"ಎರಡು ಸಲ."

"ಅಂದ್ರೆ ನಿಂಗ ಶುದ್ಧ..."

"ಶುದ್ಧ ಮೂರ್ಖ! ಬೇಕಾದರೆ ಠರಾವು ಮಾಡಿ!"

ಮಾಡಿಯೇಬಿಟ್ಟರು. ಸಂಚಾಲಕರ ಮೂರ್ಖತನ ಸಭೆಗೆ ಮನವರಿಕೆಯಾದ ಕಾರಣ ನೆಂಟಸ್ತನದ ಆಕ್ಷೇಪವನ್ನು ತಳ್ಳಿಹಾಕಲಾಗಿದೆ ಎಂಬುದು ಮೊದಲ ಠರಾವು. ಪ್ರಸನ್ನನಿಗೆ ಕೆಲಸ ಕೊಡುವುದು ಎರಡನೆಯದು. ಎರಡನೆಯದಕ್ಕೆ ಒಬ್ಬಿಬ್ಬರು ಕೈ ಎತ್ತಲು ಅನುಮಾನಿಸಿದರು, ಆದರೂ ಬಹುಮತ ಸಿಕ್ಕಿತು. ಮೊದಲನೆಯದಕ್ಕೆ ಮಾತ್ರ ಯಾರೂ ತಡ ಮಾಡಲಿಲ್ಲ. ಭಟ್ಟರು ಎಣಿಸಿ ಸರ್ವಾನುಮತ ಎಂದರು. ಅದು ಹೇಗೆ ಸಾಧ್ಯ ಎಂದು ತಲೆ ಎತ್ತಿ ನೋಡಿದೆ. ನನ್ನ ಕೈಯೂ ಮೇಲಿತ್ತು!