ಗಾಜಿನ ಪೆಟ್ಟಿಗೆಯ ಹುಡುಗಿ ಎದ್ದಳೇ?

ಮೂರನೆಯದು ಯಾವಾಗಲೂ ಕಷ್ಟ. ಊಟಕ್ಕೆ ಕೂತಾಗ ಮುದ್ದೆ ಗಂಟುಗಂಟಾಗಿದ್ದರೆ ಅನ್ನ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಅನ್ನ ಅಂಟಿಕೊಂಡಿದ್ದರೆ ಮಜ್ಜಿಗೆ ಇದೆಯಲ್ಲ ಎನ್ನಬಹುದು. ಮಜ್ಜಿಗೆಯೇ ಕೆಟ್ಟರೆ ಏನೆನ್ನುವುದು? ಕೈ ತೊಳೆದು ಏಳುವುದಷ್ಟೆ. ಮೂರು ಭಾಗದಲ್ಲಿ ಬರುವ ಸಿನಿಮಾದ ಕೊನೆಯ ಭಾಗಕ್ಕೂ ಇದೇ ಪಾಡು. ಮೊದಲಿನ ಎರಡರಲ್ಲಿ ಮನಸ್ಸಿಗೆ ಬಂದಂತೆ ಗಂಟು ಹಾಕಿರುತ್ತಾರೆ, ಕೊನೆಯದರಲ್ಲಿ ಎಲ್ಲವನ್ನೂ ಬಿಚ್ಚಬೇಕು. ಅಷ್ಟರಲ್ಲಿ ಜನ ಎರಡು ಮೂರು ವರ್ಷ ಕಾದಿರುತ್ತಾರೆ. ಕಾದವರು ಸುಮ್ಮನೆ ಕಾಯುವುದಿಲ್ಲ, ತಮ್ಮ ತಮ್ಮ ತಲೆಯಲ್ಲಿ ಒಂದೊಂದು ಮೂರನೇ ಭಾಗ ತೆಗೆದು ಇಟ್ಟುಕೊಂಡಿರುತ್ತಾರೆ. ನಾನೂ ಒಂದು ತೆಗೆದಿದ್ದೆ. ನನ್ನ ತಪ್ಪೇನೆಂದರೆ, ಅದನ್ನು ನನ್ನ ತಲೆಯಲ್ಲಿ ಇಟ್ಟುಕೊಳ್ಳದೆ ಹೆಂಡತಿಯ ಕಿವಿಗೆ ಹಾಕಿದ್ದು.

ನಾನು ಶಿಡ್ಲಘಟ್ಟದವನು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಅಪ್ಪನ ಜೊತೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಕೂತವನು, ಮಂಡಿ ಕೈಕೊಡುವವರೆಗೆ ಏಳಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಕುದಿನೀರಿನ ಬೇಸಿನ್ನು, ಅದರಲ್ಲಿ ತೇಲುವ ಗೂಡು, ಗೂಡಿನಿಂದ ಎಳೆ, ಎಳೆಯಿಂದ ನೂಲು. ಗೂಡಿನೊಳಗೆ ಹುಳು ಇರುತ್ತದೆಂದು ಎಲ್ಲರಿಗೂ ಗೊತ್ತು; ಬೇಸಿನ್ನಿನ ಮುಂದೆ ಕೂತವನು ಅದನ್ನು ನೆನೆಯುತ್ತಾ ಕೂರುವುದಿಲ್ಲ. ನನ್ನ ಹೆಂಡತಿ ಜಯಮ್ಮ ಮಂಡಿಕಲ್ ಕಡೆಯವಳು. ತವರಿನಲ್ಲಿ ಹುಳು ಸಾಕುತ್ತಿದ್ದರು. ಚಿಕ್ಕಂದಿನಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು, ಕತ್ತರಿಸಿ, ಮಕ್ಕಳಿಗೆ ತುತ್ತು ಕೊಟ್ಟಂತೆ ಹುಳುವಿಗೆ ಹಾಕಿ ಬೆಳೆಸಿದವಳು. ಅವಳು ಸಾಕಿದ್ದನ್ನು ಬೇಯಿಸುವ ಮನೆಗೇ ಅವಳನ್ನು ಕೊಟ್ಟರು. ಈ ಮಾತು ನನಗೆ ಹೊಳೆದದ್ದು ಇತ್ತೀಚೆಗೆ. ನಲವತ್ತೆಂಟು ವರ್ಷ ತಡವಾಗಿ.

ಆ ಸಿನಿಮಾಕ್ಕೆ ಬರುತ್ತೇನೆ. ತೆಲುಗು ಸಿನಿಮಾ, ಬಾಹ್ಯಾಕಾಶದ್ದು. ಮೊದಲನೇ ಭಾಗಕ್ಕೆ ನಮ್ಮಿಬ್ಬರನ್ನೂ ಎಳೆದುಕೊಂಡು ಹೋದವಳು ಮೊಮ್ಮಗಳು ಸಿಂಚನ. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಓದುತ್ತಾಳೆ, ಆದ್ದರಿಂದ ಗ್ರಹಗಳೆಲ್ಲ ಅವಳ ಪಕ್ಕದ ಬೀದಿ. ಭೂಮಿ ಹಾಳಾಗಿದೆ, ಹಡಗಿನಂಥ ದೊಡ್ಡ ರಾಕೆಟ್ಟಿನಲ್ಲಿ ಜನ ಬೇರೆ ನಕ್ಷತ್ರಕ್ಕೆ ಹೊರಟಿದ್ದಾರೆ, ದಾರಿ ಇನ್ನೂರು ವರ್ಷ. ಅಷ್ಟು ದಿನ ಬದುಕುವುದು ಹೇಗೆ? ಎಲ್ಲರೂ ಗಾಜಿನ ಪೆಟ್ಟಿಗೆಯೊಳಗೆ ಮಲಗಿ ನಿದ್ದೆ ಹೋಗಬೇಕು. ಒಬ್ಬ ಅಪ್ಪ ತನ್ನ ಆರು ವರ್ಷದ ಮಗಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಹಣೆ ಸವರಿ, ಮುಚ್ಚಳ ಮುಚ್ಚುತ್ತಾನೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. ನನಗೆ ರಾಕೆಟ್ಟಿಗೆ ಡೀಸೆಲ್ ಎಲ್ಲಿ ಹಾಕಿಸುತ್ತಾರೆ ಎಂಬ ಚಿಂತೆ. ಜಯಮ್ಮ ಮಾತ್ರ ಬಸ್ಸು ನಂದಿ ಕ್ರಾಸ್ ದಾಟಿದ್ದ ಹೊತ್ತಿಗೋ ಏನೋ ನಿಟ್ಟುಸಿರು ಬಿಟ್ಟು, "ಅದು ಹುಳು ಗೂಡು ಕಟ್ಟಿದಂಗೇ ಅಲ್ವೇನ್ರೀ?" ಎಂದಳು. ಸಿಂಚನ, "ಅಯ್ಯೋ ಅಜ್ಜಿ, ಅದು ಸೈನ್ಸು!" ಎಂದು ನಕ್ಕಳು. ನಾನೂ ನಕ್ಕೆ. (ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬರುವಾಗ ನಂದಿ ಕ್ರಾಸ್ ಸಿಗುವುದಿಲ್ಲ ಎಂದು ಜಯಮ್ಮ ಇದನ್ನು ಓದಿ ಈಗ ತಿದ್ದಿದಳು. ಆ ದಿನವೂ ನಾನು ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದೆನಂತೆ. ಸರಿ, ನನ್ನ ನಿದ್ದೆಯ ವಿಷಯ ಹೇಗೂ ಬರಲಿದೆ.)

ಎರಡನೇ ಭಾಗ ಬರುವ ಹೊತ್ತಿಗೆ ಜಯಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಹೆದರಿ ಮುಂದಕ್ಕೆ ಹಾಕುತ್ತಿದ್ದಳು. ಆದರೂ, "ಮಾತು ಕೇಳುತ್ತಲ್ಲ, ಮಿಕ್ಕಿದ್ದು ನೀವು ಹೇಳಿ" ಎಂದು ಹೊರಟಳು. ಸಿಂಚನ ಮೊದಲ ದಿನವೇ ಗೆಳತಿಯರ ಜೊತೆ ನೋಡಿ ಆಗಿತ್ತು, ನಾವಿಬ್ಬರೇ ಹೋದೆವು. ಇಂಟರ್‌ವಲ್ಲಿನ ತನಕ ನಾನು ಚೆನ್ನಾಗಿಯೇ ಕಥೆ ಹೇಳಿದೆ. ಮುಂದಿನ ಸಾಲಿನವನೊಬ್ಬ ತಿರುಗಿ, "ಯಜಮಾನ್ರೇ, ಸ್ವಲ್ಪ ಜೋರಾಗಿ ಹೇಳಿ, ನಮಗೂ ಅರ್ಥ ಆಗ್ಲಿ" ಎಂದು ಕುಟುಕಿದ. ಇಂಟರ್‌ವಲ್ಲಿನಲ್ಲಿ ಎರಡು ಆಲೂ ಬೋಂಡ ತಿಂದೆ. ಆಮೇಲೆ ಆ ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ಪರದೆಯ ಮೇಲೆ ಎಲ್ಲರೂ ಪೆಟ್ಟಿಗೆಯಲ್ಲಿ ಹಾಯಾಗಿ ಮಲಗಿದ್ದಾರೆ. ಅವರನ್ನು ನೋಡುತ್ತಾ ನಾನೊಬ್ಬ ಎಚ್ಚರವಾಗಿರುವುದು ಎಷ್ಟು ಸರಿ? ದೀಪ ಹತ್ತಿದಾಗ ಕಣ್ಣು ಬಿಟ್ಟೆ. ಜಯಮ್ಮ ನನ್ನ ತೋಳು ಹಿಡಿದುಕೊಂಡಿದ್ದಳು. ಕೊನೆಯ ದೃಶ್ಯದಲ್ಲಿ ಮಾತೇ ಇರಲಿಲ್ಲವಂತೆ, ಬರೀ ಸಂಗೀತ.

"ರೀ, ಏನ್ರೀ ಆಯ್ತು? ಆ ಮಗು ಎದ್ದಳಾ?"

ನಿದ್ದೆ ಬಂದುಬಿಡ್ತು ಕಣೇ ಎಂದರೆ ಮುಗಿಯುತ್ತಿತ್ತು. ಹೇಳಲಾಗಲಿಲ್ಲ. ಅವಳು ಆ ಪ್ರಶ್ನೆಯನ್ನು ಕೇಳಿದ ದನಿ ನನಗೆ ಗೊತ್ತಿತ್ತು. ಮದುವೆಯಾದ ಎರಡನೇ ವರ್ಷ ಅವಳು ತವರಿನಿಂದ ಬರುವಾಗ ಒಂದು ಹಿಡಿ ಗೂಡು ತಂದು ಅಟ್ಟದ ಮೇಲೆ ಮೊರದಲ್ಲಿ ಬಚ್ಚಿಟ್ಟಿದ್ದಳು. ಅಷ್ಟು ವರ್ಷ ಹುಳು ಸಾಕಿದರೂ ಚಿಟ್ಟೆ ಹೊರಗೆ ಬರುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ನಮ್ಮ ಕಸುಬಿನಲ್ಲಿ ಯಾರೂ ನೋಡುವುದಿಲ್ಲ. ಅದಕ್ಕೆ ಮೊದಲೇ ಗೂಡು ಬಿಸಿಗೆ ಹೋಗಿರುತ್ತದೆ. ನಾನು ಏಣಿ ಹತ್ತಿ ಏನೋ ಹುಡುಕುವಾಗ ಮೊರ ಸಿಕ್ಕಿತು. ಒಳ್ಳೆಯ ಗೂಡು ಯಾಕೆ ವ್ಯರ್ಥ ಎಂದು ತಂದು ಬೇಸಿನ್ನಿಗೆ ಹಾಕಿಬಿಟ್ಟೆ. ಅವಳು ಜಗಳವಾಡಲಿಲ್ಲ. ಖಾಲಿ ಮೊರ ಹಿಡಿದುಕೊಂಡು ಬಂದು, "ನಾಳೆಯೋ ನಾಳಿದ್ದೋ ಎದ್ದು ಬರ್ತಿತ್ತು ಅಲ್ವಾ?" ಎಂದಳು. ನಾನು ಎಳೆ ಹುಡುಕುವವನಂತೆ ತಲೆ ತಗ್ಗಿಸಿ ಕೂತೆ. ಆ ದನಿ ಚಿಕ್ಕಬಳ್ಳಾಪುರದ ಟಾಕೀಸಿನಲ್ಲಿ ಮತ್ತೆ ಬಂತು. ನನ್ನ ಬಾಯಿ ತಾನಾಗಿ ಹೇಳಿತು:

"ಎದ್ದಳು ಕಣೇ. ಮೊದಲು ಬೆರಳು ಅಲ್ಲಾಡಿಸಿದಳು. ಆಮೇಲೆ ಕಣ್ಣು ಬಿಟ್ಟಳು. ಅಲ್ಲಿಗೆ ನಿಲ್ಲಿಸಿದ್ರು."

ಆ ಭಾನುವಾರ ಸಿಂಚನ ಮನೆಗೆ ಬಂದಾಗ ನಿಜ ತಿಳಿಯಿತು. ಅಜ್ಜಿ ಒಳಗಿದ್ದಳು. "ಹೆಂಗಿತ್ತು ತಾತ ಕ್ಲೈಮ್ಯಾಕ್ಸು? ಗಾಜು ಒಡೆದುಹೋಗಿದೆ, ಪೆಟ್ಟಿಗೆ ಖಾಲಿ! ನಮ್ಮ ಕ್ಲಾಸಲ್ಲಿ ಎಲ್ಲಾ ತಲೆ ಕೆಡಿಸ್ಕೊಂಡಿದಾರೆ" ಎಂದಳು. ತೂತಾದ ಗೂಡೆಂದರೆ ನಮ್ಮ ಕಸುಬಿನವರಿಗೆ ಹೋದ ಮಾಲು. ಅದರ ಎಳೆ ತುಂಡಾಗಿರುತ್ತದೆ, ನೂಲು ಬರುವುದಿಲ್ಲ, ಆರಿಸಿ ಪಕ್ಕಕ್ಕೆ ಎಸೆಯುವುದು. ಅಷ್ಟು ವರ್ಷದ ಅಭ್ಯಾಸದ ಕಣ್ಣಿನಿಂದ ನೋಡಿದೆ: ಪೆಟ್ಟಿಗೆ ಒಡೆದಿದೆ, ಆದ್ದರಿಂದ ಹುಡುಗಿ ಕಥೆ ಮುಗಿಯಿತು. ಸಿಂಚನಳ ಬಳಿ ನನ್ನ ಸುಳ್ಳನ್ನು ಒಪ್ಪಿಕೊಂಡು, ಅಜ್ಜಿಯ ಎದುರು ಆ ಸಿನಿಮಾದ ಸುದ್ದಿ ಎತ್ತಬೇಡವೆಂದು ಕೈ ಮುಗಿದೆ. ಅವಳು ಯೋಚಿಸಿ, "ಒಬ್ಬಟ್ಟು" ಎಂದಳು. ಅಲ್ಲಿಂದ ಎರಡು ವರ್ಷ, ಹಬ್ಬವಿರಲಿ ಬಿಡಲಿ, ನಾನು ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಒಬ್ಬಟ್ಟಿನ ಡಬ್ಬಿ ಹೊತ್ತಿದ್ದೇನೆ.

ಡಬ್ಬಿಯಿಂದ ಒಂದು ಬಾಯಿ ಮುಚ್ಚಬಹುದು, ಬೀದಿಯ ಬಾಯಿ ಮುಚ್ಚಲಾಗುವುದಿಲ್ಲ. ಜಯಮ್ಮ ನನ್ನ ಸುಳ್ಳನ್ನು ಸೊಪ್ಪು ಹಾಕಿ ಸಾಕಿದಳು. ನಾನು ಹೇಳಿದ್ದು ಒಂದು ಬೆರಳು. ಅವಳ ಬಾಯಲ್ಲಿ ಅದು ಇಡೀ ಕೈಯಾಯಿತು, ಯುಗಾದಿಯ ಹೊತ್ತಿಗೆ ಹುಡುಗಿ ಅರ್ಧ ಎದ್ದು ಕೂತಿದ್ದಳು. ಕೊನೆಯ ಭಾಗದಲ್ಲಿ ಏನಾಗಬೇಕೆಂದು ಜಗಲಿಯಲ್ಲಿ ದಿನಾ ತೀರ್ಮಾನವಾಗುತ್ತಿತ್ತು. ಎದುರುಮನೆಯ ಶಮೀಮಾ, "ಆ ಹುಡುಗಿಗೆ ಒಂದು ಒಳ್ಳೆ ಕಡೆ ನಿಕಾಹ್ ಮಾಡ್ಸಿಬಿಟ್ರೆ ಸಾಕು ಜಯಕ್ಕಾ" ಎನ್ನುವಳು. "ಆರು ವರ್ಷದ ಕೂಸಿಗೇನೇ?" ಎಂದರೆ, "ಇನ್ನೂರು ವರ್ಷ ಆಯ್ತಲ್ಲಕ್ಕ, ಇನ್ನೆಷ್ಟು ದಿನ ಇಟ್ಕೊಳ್ತಾರೆ?" ಎಂದು ಜವಾಬು. ಜಯಮ್ಮನಿಗೆ ಅದೊಂದೂ ಬೇಡ. ಹುಡುಗಿ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆಯಬೇಕು, ತಾನದನ್ನು ಕಣ್ಣಾರೆ ನೋಡಬೇಕು. ಅದಕ್ಕಾಗಿಯೇ ಕೊನೆಗೆ ಆಪರೇಷನ್ನಿಗೆ ಒಪ್ಪಿದಳು. ನನ್ನ ಸುಳ್ಳು ಆಪರೇಷನ್ ಟೇಬಲ್ಲಿನ ತನಕ ಹೋಯಿತಲ್ಲ ಎಂದು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಬೆವರಿದೆ.

ಒಂದು ದಿನ ಶಮೀಮಾ ಬಾಂಬು ಹಾಕಿದಳು. "ಅಣ್ಣಾ, ನಮ್ಮ ಸೊಸೆನೂ ನೋಡಿದಾಳೆ. ಬೆರಳೂ ಇಲ್ಲ ಗಿರಳೂ ಇಲ್ಲ ಅಂತಾಳೆ!" ನಾನು ಪತ್ರಿಕೆಯ ಹಿಂದೆ ಅಡಗಿದೆ. ಜಯಮ್ಮ ಮಾತ್ರ ಸೆಟೆದು ನಿಂತಳು: "ನಿನ್ನ ಸೊಸೆ ಫೋನ್ ನೋಡ್ಕೊಂಡು ಕೂತಿರ್ತಾಳೆ. ನಮ್ಮನೆಯವ್ರು ರೆಪ್ಪೆ ಮಿಟುಕಿಸ್ದೆ ನೋಡಿದಾರೆ. ಯಾರನ್ನ ನಂಬೋಣ ಹೇಳು?" ಕಣ್ಣು ಸರಿಯಾದ ಮೇಲೆ ಎರಡನೇ ಭಾಗವನ್ನು ಫೋನಿನಲ್ಲಿ ಇನ್ನೊಮ್ಮೆ ನೋಡುತ್ತೇನೆಂದಳು. ಹೊಸ ಕಣ್ಣಿಗೆ ಫೋನಿನ ಬೆಳಕು ಆಗದೆಂದು ಡಾಕ್ಟರು ಹೇಳಿದ್ದಾರೆಂದೆ. ಡಾಕ್ಟರು ಹೇಳಿರಲಿಲ್ಲ. ಸುಳ್ಳಿಗೂ ಹುಳುವಿಗೂ ಒಂದೇ ಗುಣ, ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಲೇ ಇರಬೇಕು.

ಮೂರನೇ ಭಾಗ ಈ ಸಂಕ್ರಾಂತಿಗೆ ಬಂತು. ಭಾನುವಾರಕ್ಕೆ ಶಮೀಮಾಳನ್ನೂ ಸೇರಿಸಿ ನಾಲ್ಕು ಟಿಕೆಟ್ಟನ್ನು ಸಿಂಚನ ಫೋನಿನಲ್ಲೇ ತೆಗೆದಳು. ಶನಿವಾರ ಮಧ್ಯಾಹ್ನ ಜಯಮ್ಮ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಹಿತುಕತೊಡಗಿದೆ. ನಾನಾಗಿ ಅಡಿಗೆ ಕೆಲಸಕ್ಕೆ ಕೈ ಹಾಕಿದೆನೆಂದರೆ ಏನೋ ಆಗಿದೆ ಎಂದೇ ಅರ್ಥ. ಅವಳು ಕಾದಳು. ನಾನು ನಾಲ್ಕು ಕಾಳು ಹಿತುಕಿ, ಐದನೆಯದು ಚಿಮ್ಮಿ ಅಂಗಳಕ್ಕೆ ಬಿದ್ದ ಮೇಲೆ ಹೇಳಿದೆ.

"ಜಯಾ, ಆವತ್ತು ನಾನು ಕಡೇ ಭಾಗ ನೋಡ್ಲೇ ಇಲ್ಲ. ನಿದ್ದೆ ಬಂದಿತ್ತು. ಬೆರಳು, ಕಣ್ಣು ಎಲ್ಲ ನಾನು ಕಟ್ಟಿ ಹೇಳಿದ್ದು."

ಅವಳು ತಲೆ ಎತ್ತಲಿಲ್ಲ. "ನನಗೆ ಪೊರೆ ಬಂದಿದ್ದು ಕಣ್ಣಿಗೆ ಕಣ್ರೀ, ಕಿವಿಗಲ್ಲ. ಆ ಗೊರಕೆಗೆ ಮುಂದಿನ ಸಾಲಿನೋನು ಎರಡು ಸಲ ಗೊಣಗಿದ. ಆದ್ರೂ ಆಸೆಗೆ ಕೇಳ್ದೆ."

"ಮತ್ತೆ ಶಮೀಮಾ ಹತ್ರ ಹಂಗೆ ಜಗಳ ಆಡಿದ್ಯಲ್ಲೇ?"

"ಗಂಡ ಗೊರಕೆ ಹೊಡೀತಾನೆ ಅಂತ ಬೀದಿಗೆ ಹೇಳ್ಕೊಂಡು ಬರ್ಲಾ?" ಎಂದಳು. ಇನ್ನೊಂದು ಹಿಡಿ ಕಾಳು ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಆ ಮೊರದ ಗೂಡು ಬೇಯಿಸಿದೋರ ಬಾಯಲ್ಲಿ 'ಎದ್ದಳು' ಅಂತ ಬಂತಲ್ಲ. ಅದನ್ನ ಸುಳ್ಳು ಅಂತ ವಾಪಸ್ಸು ಕೊಡೋಕೆ ಮನಸ್ಸು ಬರ್ಲಿಲ್ಲ" ಎಂದಳು.

ಆ ಮೊರ ಅವಳಿಗೂ ನೆನಪಿದೆಯೆಂದು ನನಗೆ ತಿಳಿದದ್ದು ಆಗ. ಅದಕ್ಕೆ ಕ್ಷಮೆ ಕೇಳಿದೆ. ನಲವತ್ತಾರು ವರ್ಷದ ಕ್ಷಮೆಯಾದ್ದರಿಂದ ತುಂಡು ತುಂಡಾಗಿ ಬಂತು. ಅವಳು, "ಕಾಳು ಹಿತುಕ್ರೀ, ಸುಮ್ಮನೆ ಯಾಕೆ ಕೂತ್ರಿ" ಎಂದಳು. ಇನ್ನು ಉಳಿದದ್ದನ್ನೂ ಹೇಳಿಬಿಡೋಣವೆಂದು, ನಾಳೆ ಅಲ್ಲಿ ಎಲ್ಲರೆದುರು ಅವಳು ಕಂಗೆಡುವುದು ಬೇಡವೆಂದು, ಪೆಟ್ಟಿಗೆ ಒಡೆದು ಖಾಲಿಯಾಗಿತ್ತಂತೆ, ಹುಡುಗಿ ಹೋದಳಂತೆ ಎಂದೆ. ಜಯಮ್ಮನ ಕೈ ನಿಂತಿತು.

"ಗಾಜಿನ ಚೂರು ಎಲ್ಲಿ ಬಿದ್ದಿತ್ತು? ಪೆಟ್ಟಿಗೆ ಒಳಗೋ, ಹೊರಗೋ?"

ನಿದ್ದೆ ಮಾಡಿದವನಿಗೆ ಹೇಗೆ ಗೊತ್ತಾಗಬೇಕು? ಸಿಂಚನಳಿಗೆ ಫೋನು ಮಾಡಿದೆವು. ಅವಳು ಆ ದೃಶ್ಯವನ್ನು ಮತ್ತೆ ಹಾಕಿ ನೋಡಿ ಹೇಳಿದಳು: "ಹೊರಗೆ ಅಜ್ಜಿ. ನೆಲದ ತುಂಬಾ. ಒಳಗೆ ಒಂದು ಚೂರೂ ಇಲ್ಲ."

"ಹಂಗಾದ್ರೆ ಯಾರೂ ಒಡೆದಿಲ್ಲಮ್ಮ. ತಾನೇ ಒಡ್ಕೊಂಡು ಹೊರಗೆ ಬಂದಿದಾಳೆ. ಗೂಡು ಖಾಲಿ ಅಂದ್ರೆ ಚಿಟ್ಟೆ ಎದ್ದು ಹೋಗಿದೆ ಅಂತ." ಆ ಕಡೆಯಿಂದ ಸಿಂಚನ, "ಅಜ್ಜೀ... ನಮ್ಮ ಕ್ಲಾಸಲ್ಲಿ ಒಬ್ಬರಿಗೂ ಇದು ಹೊಳೀಲಿಲ್ವಲ್ಲ!" ಎಂದಳು. ನನಗೂ ಹೊಳೆದಿರಲಿಲ್ಲ. ಒಡೆದ ಗೂಡನ್ನು ಎಸೆದೂ ಎಸೆದೂ, ಅದು ಹೇಗೆ ಒಡೆಯಿತೆಂದು ನಾನೊಮ್ಮೆಯೂ ಕೇಳಿಕೊಂಡವನಲ್ಲ. ನಾನು ಹೇಳಿದ ಸುಳ್ಳಿಗಿಂತ ಮುಚ್ಚಿಟ್ಟ ನಿಜವೇ ಚೆನ್ನಾಗಿತ್ತು.

ಭಾನುವಾರ ನಾಲ್ವರೂ ಹೋದೆವು. ಇವತ್ತು ನಿದ್ದೆ ಮಾಡುವುದಿಲ್ಲವೆಂದು ಎರಡು ಕಾಫಿ ಕುಡಿದೆ, ಬೋಂಡ ಮುಟ್ಟಲಿಲ್ಲ. ಇಂಟರ್‌ವಲ್ಲಾಯಿತು, ಯುದ್ಧವಾಯಿತು, ಅಪ್ಪ ಮುದುಕನಾಗಿ ಹಡಗಿನ ಉದ್ದಕ್ಕೂ ಮಗಳನ್ನು ಹುಡುಕುತ್ತಾ ಹೊರಟ. ಒಂದು ಬಾಗಿಲಿನ ಮುಂದೆ ನಿಂತ. ಸಂಗೀತವೂ ನಿಂತಿತು. ಪಕ್ಕದಲ್ಲಿ ಜಯಮ್ಮ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಬಾಗಿಲು ತೆಗೆದಾಗ ಅಲ್ಲಿ ಯಾರೂ ಇಲ್ಲದಿದ್ದರೆ ಇವಳ ಮುಖವನ್ನು ನಾನು ಹೇಗೆ ನೋಡಲಿ? ನನಗೆ ಧೈರ್ಯ ಸಾಲಲಿಲ್ಲ. ಒಂದೇ ಒಂದು ನಿಮಿಷವೆಂದು ಕಣ್ಣು ಮುಚ್ಚಿಕೊಂಡೆ.

ದೀಪ ಹತ್ತಿದಾಗ ತೆರೆದೆ. ಶಮೀಮಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದ್ದಳು. ಜಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದು ಯಾವ ಜಾತಿಯ ಕಣ್ಣೀರೆಂದು ತಿಳಿಯಲಿಲ್ಲ.

"ಏನಾಯ್ತೇ? ಬಂದಳಾ?"

ಅವಳು ತನ್ನ ಹೊಸ ಕಣ್ಣುಗಳಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಬಂದಳು ಕಣ್ರೀ. ಮೊದಲು ಬೆರಳು ಅಲ್ಲಾಡಿಸಿದಳು. ಆಮೇಲೆ ಕಣ್ಣು ಬಿಟ್ಟಳು."

"ತಾತ, ಅದು..." ಎಂದು ಸಿಂಚನ ಬಾಯಿ ತೆರೆದಳು. ಅಜ್ಜಿ ಅವಳ ತೊಡೆ ಚಿವುಟಿದ್ದು ನನಗೆ ಕಂಡಿತು. ನಾನು ಹೆಚ್ಚು ಕೇಳಲಿಲ್ಲ. ನೀವು ಆ ಸಿನಿಮಾ ನೋಡಿದ್ದರೆ ದಯವಿಟ್ಟು ಹೇಳಬೇಡಿ. ಇಷ್ಟು ಮಾತ್ರ ಗೊತ್ತು: ನಮ್ಮ ಮನೆಯಿಂದ ಚಿಕ್ಕಬಳ್ಳಾಪುರಕ್ಕೆ ಒಬ್ಬಟ್ಟಿನ ಡಬ್ಬಿ ಈಗಲೂ ಹೋಗುತ್ತಿದೆ. ಕಳಿಸುವವಳು ಜಯಮ್ಮ. ಬಸ್ಸಿನಲ್ಲಿ ಹೊರುವವನು, ಎಂದಿನಂತೆ, ನಾನೇ.